ಹದ್ದಿನ ನೀರಡಿಕೆ

ನೇಯ್ಗೆ ಗಿರಣಿಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಆ ಹೆಂಗಸಿಗೆ ಅಲ್ಲಿನವರು ಇಟ್ಟ ಹೆಸರು ಸೈರನಮ್ಮ. ನೂರಿಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅಂಥದ್ದರಲ್ಲಿ ಆಕೆ ಈ ತುದಿಯಲ್ಲಿ ಬಾಯಿ ತೆರೆದರೆ ಆ ತುದಿಯ ಮಗ್ಗ ನಿಲ್ಲುತ್ತಿತ್ತು. ಕೆಲಸ ಬಿಟ್ಟು ಎರಡು ವರ್ಷವಾದರೂ ಹೆಸರು ಬೆನ್ನು ಬಿಟ್ಟಿರಲಿಲ್ಲ.

ಮಗಳು ನಾಲ್ಕು ತಿಂಗಳ ಬಸುರಿ ಎಂದು ತಿಳಿದ ಮರುವಾರವೇ ಆಕೆ ಒಂದು ಪೆಟ್ಟಿಗೆ ಹಿಡಿದು ಮಗಳ ಮನೆಗೆ ಬಂದಿಳಿದಳು. ಮಗಳದು ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ, ಹೊರಟರೆ ಎರಡು ದಿನ ಮನೆಯ ಕಡೆ ತಲೆ ಹಾಕುವಂತಿಲ್ಲ. ಅಳಿಯ ಟವರ್ ಕ್ರೇನ್ ನಡೆಸುವವನು. ದಿನವಿಡೀ ಅರವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಕೆಳಗಿನವರಿಗೆ ಕಬ್ಬಿಣ, ಕಾಂಕ್ರೀಟು ಇಳಿಸಿಕೊಡುವ ಅವನನ್ನು ಜೊತೆಯವರು ‘ಹದ್ದು’ ಎನ್ನುತ್ತಿದ್ದರು. ಮಿತಭಾಷಿ. ಅತ್ತೆ ಅಳಿಯ ಇಬ್ಬರೇ ಇರುವ ದಿನ ಮನೆಯಲ್ಲಿ ಮಾತು ಉಪ್ಪಿನಷ್ಟು, ರುಚಿಗೆ ತಕ್ಕಷ್ಟೇ. ಆಕೆ ಅವನಿಗೆ ‘ನೀವು’, ಅವನು ಆಕೆಗೆ ‘ನೀವು’. ಮದುವೆಯಾಗಿ ಮೂರು ವರ್ಷವಾದರೂ ಇಬ್ಬರೂ ಹೊಸ ಚಪ್ಪಲಿ ಹಾಕಿದವರ ಹಾಗೆ ನೋಡಿಕೊಂಡು ಹೆಜ್ಜೆ ಇಡುತ್ತಿದ್ದರು.

ಅನುಮಾನ ಹುಟ್ಟಿದ್ದು ಬಂದ ಎರಡನೆಯ ವಾರ. ಅಳಿಯ ಸಂಜೆ ಕೆಲಸದಿಂದ ಬಂದವನೇ ಶೂ ಬಿಚ್ಚುವ ಮೊದಲು ಬಚ್ಚಲಿಗೆ ನುಗ್ಗುತ್ತಿದ್ದ. ಹೊರಗೆ ಬಂದು ಒಂದು ಜಗ್ಗು ನೀರನ್ನು ನಿಂತ ನಿಲುವಿನಲ್ಲೇ ಮುಗಿಸುತ್ತಿದ್ದ. ಅರ್ಧ ಗಂಟೆಗೆ ಮತ್ತೆ ಬಚ್ಚಲು, ಮತ್ತೆ ನೀರು. ಆ ಹೊತ್ತಿನಲ್ಲಿ ಮಾತನಾಡಿಸಿದರೆ ಸಿಡುಕು. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು, ಬೆಣ್ಣೆ ಡಬ್ಬಿಯ ಹಿಂದಿನಿಂದ ಬೆರಳುದ್ದದ ಒಂದು ಬಾಟಲಿ ತೆಗೆದು, ಆಕೆಗೆ ಬೆನ್ನು ತಿರುಗಿಸಿ, ಮೂಗಿಗೆ ಹಿಡಿದು ಒಮ್ಮೆ ಎಳೆದುಕೊಳ್ಳುತ್ತಿದ್ದ. ಒಂದು ಗಂಟೆ ಕಳೆಯುವುದರೊಳಗೆ ಬೇರೆಯೇ ಮನುಷ್ಯ. ಮುಖ ತಿಳಿ, ಮಾತು ಮೆದು.

ಇಂಥದ್ದನ್ನು ಆಕೆ ಮೊದಲೇ ಒಮ್ಮೆ ನೋಡಿದ್ದಳು. ಆಕೆಯ ತಮ್ಮ ಅದೇ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಯಂತ್ರ ತೊಳೆಯುವ ಥಿನ್ನರನ್ನು ಬಟ್ಟೆಗೆ ಹಾಕಿ ಮೂಸುವ ಚಟಕ್ಕೆ ಬಿದ್ದ. ಮೂಸುವ ಮೊದಲು ಸಿಡುಕು, ಮೂಸಿದ ಮೇಲೆ ಜೇನು. ಮೂವತ್ತನಾಲ್ಕನೆಯ ವಯಸ್ಸಿಗೆ ಹೋಗಿಬಿಟ್ಟ. ಅಕ್ಕನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂಬ ಕೊರಗು ಇನ್ನೂ ಆಕೆಯ ಎದೆಯಲ್ಲಿ ಕೂತಿತ್ತು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಜೀವ ಝಲ್ಲೆನ್ನುತ್ತದೆ.

ಮಗಳಿಗೆ ಫೋನಿನಲ್ಲಿ ಕೇಳಿದಳು. “ಅದೇನೇ ಅದು, ಮೂಗಿಗೆ ಹಾಕ್ಕೋತಾರಲ್ಲ?”

“ಅದು ಅವರ ವಿಷಯ ಅಮ್ಮ. ನೀನು ತಲೆ ಹಾಕ್ಬೇಡ.”

ತಲೆ ಹಾಕಬೇಡ ಅಂದರೆ ಸೈರನಮ್ಮನಿಗೆ ತಲೆ ಹಾಕು ಅಂದಂತೆ. ಆ ರಾತ್ರಿ ಅಳಿಯ ಮಲಗಿದ ಮೇಲೆ ಬಾಟಲಿಯನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ತೋರಿಸಿ ಇದು ಏನೆಂದು ತಿಳಿದುಕೊಂಡು, ಮಗಳು ಬಂದ ಕೂಡಲೇ ಎದುರಿಗಿಟ್ಟು ಮಾತಾಡುವುದು ಆಕೆಯ ಎಣಿಕೆ.

ಬೆಳಿಗ್ಗೆ ಐದೂವರೆಗೆ ಅಳಿಯ ಫ್ರಿಜ್ಜಿನ ಮುಂದೆ ನಿಂತಿದ್ದ. ಬೆಣ್ಣೆ ಡಬ್ಬಿ ಸರಿಸಿದ, ತರಕಾರಿ ಟ್ರೇ ಎಳೆದ, ಬಗ್ಗಿ ಫ್ರಿಜ್ಜಿನ ಅಡಿ ನೋಡಿದ. ಆಕೆ ಒಲೆಯ ಮುಂದೆ ಚಹಾ ಸೋಸುತ್ತಿದ್ದಳು.

“ಅತ್ತೆ, ಇಲ್ಲೊಂದು ಚಿಕ್ಕ ಬಾಟ್ಲಿ ಇತ್ತು. ನೋಡಿದ್ರಾ?”

“ಇಲ್ವಲ್ಲ. ಯಾವ ಬಾಟ್ಲಿ?”

ಮಾತು ಇಷ್ಟು ಸಲೀಸಾಗಿ ಹೊರಬಂದದ್ದು ಕಂಡು ಆಕೆಗೇ ಆಶ್ಚರ್ಯವಾಯಿತು. ಜೇಬಿನಲ್ಲಿದ್ದ ಬಾಟಲಿ ತೊಡೆಗೆ ಒತ್ತುತ್ತಿತ್ತು.

ಅಳಿಯ ಹಣೆ ಉಜ್ಜಿಕೊಂಡ. “ಇವಳೇನಾದ್ರೂ ಬ್ಯಾಗಿಗೆ ಹಾಕ್ಕೊಂಡು ಹೋದ್ಲೋ ಏನೋ,” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹೆಂಡತಿಗೆ ಫೋನು ಹಚ್ಚಿದ, ಸಿಗಲಿಲ್ಲ. ರೈಲು ಆ ಹೊತ್ತಿಗೆ ಸುರಂಗಗಳ ಹಾದಿಯಲ್ಲಿರುತ್ತದೆ. ಗಡಿಯಾರ ನೋಡಿದ. “ಇವತ್ತು ಮೇಲಿನ ಸ್ಲ್ಯಾಬಿಗೆ ಕಾಂಕ್ರೀಟು. ನನ್ನ ಬದಲಿ ಮನುಷ್ಯ ರಜೆಯಲ್ಲಿದ್ದಾನೆ. ಹೋಗ್ಲೇಬೇಕು. ಸಂಜೆ ಅಂಗಡಿಯಲ್ಲಿ ಹೊಸದು ಸಿಗತ್ತೆ, ಹೇಳಿಟ್ಟಿದ್ದೀನಿ.” ಆಕೆಗಿಂತ ಹೆಚ್ಚಾಗಿ ತನಗೇ ಸಮಾಧಾನ ಹೇಳಿಕೊಂಡಂತಿತ್ತು. ಒಂದು ಬಾಟಲಿ ನೀರು ಒಯ್ಯುವವನು ಅಂದು ಮೂರು ಬಾಟಲಿ ತುಂಬಿಕೊಂಡು ಹೊರಟ.

ಬಾಗಿಲು ಹಾಕಿಕೊಂಡ ಮೇಲೆ ಸೈರನಮ್ಮ ಅಂದುಕೊಂಡಳು: ಒಂದು ದಿನ ಇಲ್ಲದಿದ್ದರೆ ಇಷ್ಟು ಚಡಪಡಿಕೆ ಅಂದರೆ ಅದು ಚಟವಲ್ಲದೆ ಮತ್ತೇನು?

ಔಷಧಿ ಅಂಗಡಿ ತೆರೆಯುವುದು ಒಂಬತ್ತೂವರೆಗೆ. ಆಕೆ ಮನೆ ಗುಡಿಸಿ, ಬಟ್ಟೆ ಒಗೆದು, ಹತ್ತೂಕಾಲಿಗೆ ಹೋದಳು. ಮುಂದೆ ನಾಲ್ಕು ಜನ. ಸರತಿ ಬರುವ ಹೊತ್ತಿಗೆ ಹನ್ನೊಂದು ಸಮೀಪಿಸಿತ್ತು. ಬಿಳಿ ಕೋಟಿನ, ದಪ್ಪ ಕನ್ನಡಕದ ಅಂಗಡಿಯವನು ಬಾಟಲಿ ತಿರುಗಿಸಿ ಚೀಟಿ ಓದಿ ಆಕೆಯ ಮುಖ ನೋಡಿದ.

“ಇದು ನಿಮಗೆ ಎಲ್ಲಿ ಸಿಕ್ತು?”

“ನಮ್ಮ ಅಳಿಯಂದು. ನಶೆ ಔಷಧಿ ತಾನೆ? ನಿಜ ಹೇಳಿ, ನನಗೇನೂ ಮುಚ್ಚಿಡಬೇಡಿ.”

“ನಶೆ!” ಅವನು ಕನ್ನಡಕ ತೆಗೆದ. “ಅಮ್ಮ, ಇದು ನೀರು ಹಿಡಿದಿಡೋ ಔಷಧಿ. ನಮ್ಮ ಮೆದುಳಿನ ಕೆಳಗೆ, ಮೂಗಿನ ಹಿಂದೆ, ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ. ಅದರ ಹಿಂಭಾಗದಿಂದ ಒಂದು ಹಾರ್ಮೋನು ಬರತ್ತೆ. ಮೂತ್ರಪಿಂಡಕ್ಕೆ ‘ನೀರು ಪೂರಾ ಚೆಲ್ಲಬೇಡ, ಸ್ವಲ್ಪ ಉಳಿಸಿಕೋ’ ಅಂತ ಹೇಳೋದೇ ಅದರ ಕೆಲಸ. ಕೆಲವರಲ್ಲಿ ಅದು ಬರೋದೇ ಇಲ್ಲ. ಆವಾಗ ಕುಡಿದ ನೀರೆಲ್ಲ ಸೋರಿಹೋಗತ್ತೆ. ತೂತು ಬಿದ್ದ ಕೊಡ. ಅಂಥವರು ದಿನಕ್ಕೆರಡು ಸಲ ಇದನ್ನ ಎಳ್ಕೊಳ್ಳಬೇಕು.”

“ಎಳ್ಕೊಳ್ಳದೇ ಇದ್ರೆ?”

“ಮನೇಲಿ ನಲ್ಲಿ ಪಕ್ಕ ಕೂತಿದ್ರೆ ಕುಡೀತಾ ಕುಡೀತಾ ಹೇಗೋ ನಡೆಸಬಹುದು. ನೀರು ಸಿಗದ ಕಡೆ ಇದ್ರೆ ಕೆಲವೇ ಗಂಟೆ. ರಕ್ತದಲ್ಲಿ ಉಪ್ಪು ಏರತ್ತೆ, ತಲೆ ಮಂಕಾಗತ್ತೆ, ಎಚ್ಚರ ತಪ್ಪತ್ತೆ. ಯಾಕೆ, ಅವರೆಲ್ಲಿದ್ದಾರೆ ಈಗ?”

ಹೊರಗೆ ಬೀದಿಯ ಡಾಂಬರು ಬಿಸಿಲಿಗೆ ಮಿರುಗುತ್ತಿತ್ತು. ಗಾಜಿನ ಗೂಡು. ಅರವತ್ತು ಮೀಟರು. ನಿನ್ನೆ ಸಂಜೆ ಎಳೆದುಕೊಂಡದ್ದೇ ಕೊನೆ.

“ಎಷ್ಟು ಹಾಕ್ಬೇಕು? ಹೇಳಿ, ಬೇಗ ಹೇಳಿ!”

“ಒಂದು ಮೂಗಿಗೆ, ಒಂದೇ ಸಲ. ಜೊತೆಗೆ ನೀರು, ಗುಟುಕು ಗುಟುಕಾಗಿ. ಬಿಂದಿಗೆಗಟ್ಟಲೆ ಒಮ್ಮೆಗೇ ಸುರಿಯಬಾರದು. ಮತ್ತೆ ನೆಟ್ಟಗೆ ಆಸ್ಪತ್ರೆಗೆ.” ಆಕೆ ಆಗಲೇ ಬಾಗಿಲಲ್ಲಿದ್ದಳು.

ಬಾಡಿಗೆ ಕಾರಿನಲ್ಲಿ ಕೂತು ಅಳಿಯನಿಗೆ ಫೋನು ಮಾಡಿದಳು. ಆಫ್ ಆಗಿತ್ತು, ಕ್ರೇನು ಹತ್ತುವವರು ಫೋನನ್ನು ಕೆಳಗಿನ ಲಾಕರಿನಲ್ಲಿ ಇಟ್ಟು ಹೋಗಬೇಕೆಂಬ ನಿಯಮ ಆಕೆಗೆ ಗೊತ್ತಿತ್ತು. ಮಗಳಿಗೆ ಮಾಡಿದಳು. ಈ ಸಲ ಸಿಕ್ಕಳು.

“ಅಮ್ಮ, ನಿಧಾನಕ್ಕೆ ಹೇಳು. ಬಾಟ್ಲಿ ನಿನ್ನ ಹತ್ರ ಹೇಗೆ ಬಂತು?”

“ಅದೆಲ್ಲ ಆಮೇಲೆ. ಇದು ಹೇಗಾಯ್ತು ಅವರಿಗೆ?”

“ಮದುವೆಗೆ ಮುಂಚೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಆಗಿನಿಂದ.” ಮಗಳ ಉಸಿರು ಏರಿಳಿಯುತ್ತಿತ್ತು. “ಕಂಪನಿಯವರಿಗೆ ಗೊತ್ತಿಲ್ಲ ಅಮ್ಮ. ಗೊತ್ತಾದ್ರೆ ಕ್ರೇನು ಹತ್ತೋಕೆ ಬಿಡಲ್ಲ. ಅದಕ್ಕೇ ಯಾರಿಗೂ ಹೇಳ್ಬೇಡ ಅಂತ ನನ್ನಿಂದ ಮಾತು ತಗೊಂಡಿದ್ರು. ನೀನೂ ಅಲ್ಲಿ ಹೇಳ್ಬೇಡ, ಹೇಗಾದ್ರೂ ಮಾಡಿ ಬಾಟ್ಲಿ ಮಾತ್ರ ತಲುಪಿಸು.”

ಸಿಗ್ನಲ್ಲಿನ ಮೇಲೆ ಸಿಗ್ನಲ್ಲು. ಕಾರು ಆಮೆಯಂತೆ ತೆವಳಿತು. ದೂರದಿಂದಲೇ ಕ್ರೇನಿನ ಹಳದಿ ತೋಳು ಕಾಣಿಸಿತು. ಆಕೆ ಕಣ್ಣು ಕಿರಿದಾಗಿಸಿ ನೋಡಿದಳು, ತೋಳು ಅಲುಗುತ್ತಿತ್ತು. ಸದ್ಯ, ಕೆಲಸ ನಡೆಯುತ್ತಿದೆ.

ಕಟ್ಟಡದ ಗೇಟಿನಲ್ಲಿ ಕಾವಲುಗಾರನಿಗೆ, “ನಮ್ಮ ಅಳಿಯ ಕ್ರೇನಿನವರು, ಊಟದ ಡಬ್ಬಿ ಮರೆತಿದ್ದಾರೆ,” ಎಂದಳು. ಕೈಯಲ್ಲಿ ಡಬ್ಬಿಯೇ ಇರಲಿಲ್ಲ. ಅವನು ಪಾಪದವನು, ಗಮನಿಸಲಿಲ್ಲ. ಒಳಗೆ ಮರಳು ಗುಡ್ಡೆಯ ಪಕ್ಕ ಮೇಸ್ತ್ರಿ ವಾಕಿ-ಟಾಕಿ ಹಿಡಿದು ಕೂಗಾಡುತ್ತಿದ್ದ. ಕೆಂಪು ಹೆಲ್ಮೆಟ್ಟು, ಕೆಂಪು ಮುಖ.

“ಏನೋ ಹದ್ದೇ, ಬಲಕ್ಕೆ ಅಂದ್ರೆ ಎಡಕ್ಕೆ ಒಯ್ತಿದ್ದೀಯ! ನಿದ್ದೆ ಮಾಡ್ತಿದ್ದೀಯೇನೋ?”

ವಾಕಿ-ಟಾಕಿಯಿಂದ ಏನೋ ಗೊಣಗಾಟ ಬಂತು. ‘ನೀರು’ ಎಂಬುದೊಂದೇ ಸ್ಪಷ್ಟ.

“ಬೆಳಿಗ್ಗೆ ಒಂದು ಕ್ಯಾನ್ ಮೇಲೆ ಕಳಿಸಿದ್ದೀನಲ್ಲ, ಒಂಟೆ ಏನೋ ನೀನು? ಈ ಲಾರಿ ಖಾಲಿಯಾಗ್ಲಿ, ಆಮೇಲೆ ಕಳಿಸ್ತೀನಿ.” ಮೇಸ್ತ್ರಿ ಆಕೆಯ ಕಡೆ ತಿರುಗಿದ. “ನೀವ್ಯಾರು?”

“ಅವರ ಅತ್ತೆ. ಅವರನ್ನ ಕೆಳಗಿಳಿಸಿ.”

“ಕಾಂಕ್ರೀಟು ಹಾಕೋದು ನಡುವೆ ನಿಲ್ಲಿಸೋ ಹಾಗಿಲ್ಲಮ್ಮ. ಏನಾದ್ರೂ ಕೊಡೋದಿದ್ರೆ ಅಲ್ಲಿಡಿ, ಊಟದ ಹೊತ್ತಿಗೆ ತಗೋತಾರೆ.”

ಹೇಳಿದರೆ ಅಳಿಯನ ಅನ್ನಕ್ಕೆ ಕಲ್ಲು. ಹೇಳದಿದ್ದರೆ ಮಗಳ ಬಾಳಿಗೇ. ತಮ್ಮನ ವಿಷಯದಲ್ಲಿ ಸುಮ್ಮನಿದ್ದು ಕೆಟ್ಟಳು. ಅಳಿಯನ ವಿಷಯದಲ್ಲಿ ಸುಮ್ಮನಿರದೆ ಕೆಟ್ಟಳು. ಈಗ ಯಾವುದು? ತಲೆಯ ಮೇಲೆ ಒಂದೂವರೆ ಟನ್ನಿನ ಕಾಂಕ್ರೀಟ್ ಬಕೆಟ್ಟು ತೂಗಾಡುತ್ತ ಹೋಯಿತು. ಅದರ ನೆರಳು ಕೆಲಸಗಾರರ ಬೆನ್ನ ಮೇಲೆ ಹರಿದದ್ದನ್ನು ಕಂಡ ಮೇಲೆ ಆಕೆ ಯೋಚಿಸಲಿಲ್ಲ.

“ನಮ್ಮಳಿಯನಿಗೆ ಕಾಯಿಲೆ ಇದೆ. ಈ ಔಷಧಿ ಇಲ್ದೆ ಇದ್ರೆ ಪ್ರಜ್ಞೆ ತಪ್ಪತ್ತೆ. ಇವತ್ತು ಹಾಕ್ಕೊಂಡಿಲ್ಲ. ಅವನು ನಿದ್ದೆ ಮಾಡ್ತಿಲ್ಲ ಸ್ವಾಮಿ, ಒಣಗ್ತಾ ಇದ್ದಾನೆ!”

ಮೇಸ್ತ್ರಿಯ ಮುಖದ ಕೆಂಪು ಇಳಿಯಿತು. ವಾಕಿ-ಟಾಕಿ ಬಾಯಿಗಿಟ್ಟು, “ಹದ್ದೇ, ಬಕೆಟ್ಟು ಸ್ಲ್ಯಾಬ್ ಮೇಲೆ ಇಳಿಸಿ ನಿಲ್ಸು,” ಎಂದ. ಉತ್ತರವಿಲ್ಲ. ಮತ್ತೆ ಕೂಗಿದ. ಉತ್ತರವಿಲ್ಲ. ಮೇಲೆ ತೋಳು ನಿಂತಿತ್ತು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಬಿಸಿಗಾಳಿಗೆ ತಾನಾಗಿಯೇ ತಿರುಗತೊಡಗಿತು, ನಿಧಾನವಾಗಿ, ಬೀದಿಯ ಕಡೆಗೆ. ಬೀದಿಯಲ್ಲಿ ಬಸ್ ನಿಲ್ದಾಣ, ಜನ.

“ರಸ್ತೆ ಬಂದ್ ಮಾಡ್ರೋ!” ಮೇಸ್ತ್ರಿ ಓಡಿದ. ಹಿಂತಿರುಗಿ, “ಅಗ್ನಿಶಾಮಕಕ್ಕೆ ಫೋನ್ ಮಾಡಿ!” ಎಂದು ಯಾರಿಗೋ ಕೂಗಿದ.

ಸಾಮಾನು ಸಾಗಿಸುವ ಲಿಫ್ಟಿನ ಬಾಗಿಲು ತೆರೆದಿತ್ತು. ಅದರೊಳಗೆ ಕ್ರೇನಿಗೆ ಸನ್ನೆ ಮಾಡುವ ಮನುಷ್ಯ, ಕುತ್ತಿಗೆಯಲ್ಲಿ ಸದಾ ವಿಸಿಲ್ ನೇತಾಡುವುದರಿಂದ ಎಲ್ಲರೂ ‘ಪೀಪಿ’ ಎಂದು ಕರೆಯುವವನು, ನೀರಿನ ಕ್ಯಾನ್ ಹಿಡಿದು ಹತ್ತುತ್ತಿದ್ದ. ಸೈರನಮ್ಮ ಅವನ ಹಿಂದೆಯೇ ನುಗ್ಗಿದಳು.

“ಅಮ್ಮ, ನೀವು ಬರೋ ಹಾಗಿಲ್ಲ...”

“ಬಾಗಿಲು ಹಾಕಪ್ಪ!”

ಅವನು ಹಾಕಿದ. ಆ ದನಿಗೆ ಎದುರಾಡಿದವರಿಲ್ಲ.

ಹದಿನಾಲ್ಕನೆಯ ಮಹಡಿಯ ಬರೀ ಸ್ಲ್ಯಾಬು. ಸರಳುಗಳ ಕಾಡು, ಹಸಿ ಕಾಂಕ್ರೀಟಿನ ವಾಸನೆ, ಕಣ್ಣು ಕುಕ್ಕುವ ಬಿಸಿಲು. ಕೆಲಸದವರೆಲ್ಲ ಮೆಟ್ಟಿಲಿನ ಬಾಯಲ್ಲಿ ಗುಂಪಾಗಿದ್ದರು. ಪಕ್ಕದಲ್ಲೇ ಕ್ರೇನಿನ ಕಂಬ. ಮೂರು ಆಳೆತ್ತರ ಮೇಲೆ ಗಾಜಿನ ಗೂಡು. ಒಳಗೆ ಅಳಿಯ. ಹಣೆಯನ್ನು ಗಾಜಿಗೆ ಒತ್ತಿ ಕೂತಿದ್ದಾನೆ, ಕಣ್ಣು ಅರೆಮುಚ್ಚಿದೆ. ಬಕೆಟ್ಟು ಸ್ಲ್ಯಾಬಿನ ಅಂಚು ದಾಟಲು ಇನ್ನು ಹತ್ತು ಹನ್ನೆರಡು ಅಡಿ.

ಆಕೆ ಪೀಪಿಯ ವಾಕಿ-ಟಾಕಿ ಕಿತ್ತುಕೊಂಡಳು. “ಏನು ಮಾಡ್ಸಬೇಕು, ಒಂದೊಂದೇ ಹೇಳು. ನಾನು ಹೇಳ್ತೀನಿ ಅವನಿಗೆ.”

“ಮೊದಲು ತೋಳು ತಿರುಗದ ಹಾಗೆ ಬ್ರೇಕು. ಬಲಗೈ ಹತ್ರ ಕೆಂಪು ಗುಂಡಿ.”

“ಅಳಿಯಂದಿರೇ, ಕೇಳಿಸ್ತಿದೆಯಾ?” ಎಂದಳು. ಗಾಜಿನ ಹಿಂದೆ ಏನೂ ಅಲುಗಲಿಲ್ಲ. ಆಗ ಇಪ್ಪತ್ತೊಂಬತ್ತು ವರ್ಷದ ಗಿರಣಿ ಆಕೆಯ ಗಂಟಲಿಗೆ ಬಂತು. “ಏಯ್! ತಲೆ ಎತ್ತು! ನಾನು ಕಣೋ, ನಿನ್ನ ಅತ್ತೆ! ತಲೆ ಎತ್ತೋ!”

ವಾಕಿ-ಟಾಕಿಯಲ್ಲೂ ಬಯಲಲ್ಲೂ ಒಟ್ಟಿಗೆ ಕೇಳಿಸಿದ ಆ ಕೂಗಿಗೆ ಮೆಟ್ಟಿಲಿನ ಬಾಯಲ್ಲಿದ್ದವರೂ ತಲೆ ಎತ್ತಿದರು. ಗೂಡಿನೊಳಗಿನ ತಲೆ ಗಾಜಿನಿಂದ ಒಂದು ಗೇಣು ಹಿಂದೆ ಸರಿಯಿತು.

“ಅತ್ತೆ...” ದನಿ ಮರಳಿನಲ್ಲಿ ಉಜ್ಜಿದಂತಿತ್ತು. “ಬಾಟ್ಲಿ... ಸಿಗ್ಲಿಲ್ಲ ಅತ್ತೆ.”

ಅಳಲು ಹೊತ್ತಿರಲಿಲ್ಲ.

“ಸಿಕ್ಕಿದೆ ಮಗಾ. ನನ್ನ ಕೈಯಲ್ಲೇ ಇದೆ. ಈಗ ನಾನು ಹೇಳಿದಷ್ಟು ಮಾಡು. ಬಲಗೈ. ಬಲಗೈ ಯಾವುದು ತೋರ್ಸು ನಂಗೆ.”

ಗಾಜಿನ ಹಿಂದೆ ಒಂದು ಕೈ ಮೇಲೆದ್ದಿತು. ಎಡಗೈ.

“ಅದಲ್ಲ, ಇನ್ನೊಂದು. ಹ್ಞಾ. ಆ ಕೈ ಕೆಳಗೆ ಕೆಂಪು ಗುಂಡಿ. ಒತ್ತು.”

ಕೈ ಕೆಳಗಿಳಿಯಿತು. ಏನೂ ಆಗಲಿಲ್ಲ. ಬಕೆಟ್ಟು ಇನ್ನೂ ಸರಿಯುತ್ತಿತ್ತು. ಎಂಟು ಅಡಿ, ಆರು ಅಡಿ. ಕೆಳಗೆ ಬೀದಿಯಲ್ಲಿ ಯಾರೋ ವಿಸಿಲ್ ಊದುತ್ತಿದ್ದರು, ಒಂದು ಬಸ್ಸು ನಿಲ್ದಾಣ ಬಿಟ್ಟು ಹೊರಡಲಾಗದೆ ಹಾರ್ನ್ ಹೊಡೆಯುತ್ತಿತ್ತು.

“ಒತ್ತೋ! ಜೋರಾಗಿ ಒತ್ತು!”

ಟಕ್ ಎಂದು ಸದ್ದಾಯಿತು. ತೋಳು ಒಮ್ಮೆ ನಡುಗಿ ನಿಂತಿತು. ಬಕೆಟ್ಟು ಅಂಚಿನ ಆಚೆಗೂ ಈಚೆಗೂ ಲೋಲಕದಂತೆ ತೂಗಿತು. ಪೀಪಿ ಕಣ್ಣು ಮಿಟುಕಿಸದೆ ಅದು ಶಾಂತವಾಗುವುದನ್ನೇ ಕಾಯುತ್ತಿದ್ದ. ಆಕೆಗೆ ಆ ಅರ್ಧ ನಿಮಿಷ ಒಂದು ಪಾಳಿಯಷ್ಟು ಉದ್ದವಾಯಿತು.

“ಈಗ ಬಕೆಟ್ಟನ್ನ ಕಂಬದ ಕಡೆ ಎಳ್ಕೊಳ್ಳೋಕೆ ಹೇಳಿ. ಎಡಗೈ ಹತ್ರದ ಹಿಡಿಕೆ ಹಿಂದಕ್ಕೆ, ಮೆತ್ತಗೆ,” ಎಂದ ಪೀಪಿ.

“ಎಡಗೈ ಹಿಡಿಕೆ ಹಿಂದಕ್ಕೆ. ಮೆತ್ತಗೆ, ಮಗು ತೊಟ್ಟಿಲು ತೂಗೋ ಹಾಗೆ. ಇನ್ನೂ... ಇನ್ನೂ... ಸಾಕು! ಕಣ್ಣು ಮುಚ್ಬೇಡ, ನನ್ನ ನೋಡು! ಈಗ ಬಲಗೈ ಹಿಡಿಕೆ ಮುಂದಕ್ಕೆ. ಇಳಿಸು. ಇಳಿಸು. ಬಿಡ್ಬೇಡ, ಇಳಿಸು.”

ಬಕೆಟ್ಟಿನ ತಳ ಸ್ಲ್ಯಾಬಿಗೆ ತಾಗಿ ಧೊಪ್ಪೆಂದಿತು. ಕೆಲಸದವರು ಓಡಿಬಂದು ಕೊಂಡಿ ಕಳಚಿದರು. ಗೂಡಿನೊಳಗೆ ಅಳಿಯ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ.

ಪೀಪಿ ನೀರಿನ ಕ್ಯಾನನ್ನು ಬೆನ್ನಿಗೆ ಕಟ್ಟಿ, ಆಕೆ ಕೊಟ್ಟ ಔಷಧಿ ಬಾಟಲಿ ಜೇಬಿಗೆ ಹಾಕಿಕೊಂಡು ಕಂಬದ ಏಣಿ ಹತ್ತಿದ. ಆಕೆ ಕೆಳಗಿನಿಂದ ಒಂದೇ ಮಾತನ್ನು ಹೇಳುತ್ತಲೇ ಇದ್ದಳು: “ಒಂದು ಮೂಗಿಗೆ, ಒಂದೇ ಸಲ. ನೀರು ಗುಟುಕು ಗುಟುಕು.” ಅವನು ಗೂಡು ಸೇರಿದ್ದು ಕಂಡಿತು. ಅಳಿಯನ ತಲೆ ಹಿಂದಕ್ಕೆ ಹಿಡಿದದ್ದು ಕಂಡಿತು. ಅಳಿಯ ಎರಡೂ ಕೈಯಿಂದ ನೀರಿನ ಕ್ಯಾನ್ ಕಿತ್ತುಕೊಳ್ಳಲು ನೋಡಿದ. ಪೀಪಿ ಬಿಡಲಿಲ್ಲ. ಆ ಗುದ್ದಾಟ ನೋಡುತ್ತ ಆಕೆ ಅಲ್ಲೇ ಸರಳಿನ ಕಟ್ಟಿನ ಮೇಲೆ ಕೂತಳು.

ಅಗ್ನಿಶಾಮಕದವರು ಅವನನ್ನು ಸ್ಟ್ರೆಚರಿಗೆ ಕಟ್ಟಿ ಹಗ್ಗದಲ್ಲಿ ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆಂಬುಲೆನ್ಸಿನ ಬಾಗಿಲಲ್ಲಿ ಮೇಸ್ತ್ರಿ ಆಕೆಯನ್ನು ತಡೆದ. ಬೆವರು, ಸಿಟ್ಟು, ಹೆದರಿಕೆ ಎಲ್ಲ ಒಟ್ಟಿಗೆ ಅವನ ಮುಖದಲ್ಲಿ. “ಇಂಥ ಕಾಯಿಲೆ ಇಟ್ಕೊಂಡು ಔಷಧಿ ಇಲ್ದೆ ಯಾಕ್ರೀ ಹತ್ತಿದ ಇವನು?”

“ಔಷಧಿ ನಾನು ತೆಗೆದಿಟ್ಟಿದ್ದೆ,” ಎಂದಳು. “ಅವನು ಕೇಳಿದಾಗ ಇಲ್ಲ ಅಂದೆ.”

ಮೇಸ್ತ್ರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಸ್ಪತ್ರೆಯ ವೈದ್ಯೆ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನೇರ. ರಕ್ತದಲ್ಲಿ ಸೋಡಿಯಂ ಮೇಲೇರಿದೆ, ಅದನ್ನು ಒಮ್ಮೆಲೇ ಇಳಿಸಿದರೆ ಮೆದುಳು ಊದಿಕೊಳ್ಳುತ್ತದೆ, ಎರಡು ದಿನ ಹನಿಹನಿಯಾಗಿ ಇಳಿಸಬೇಕು ಎಂದಳು. “ಗಂಡಾಂತರ ಕಳೀತು ಅಂತ ಈಗಲೇ ಹೇಳಲ್ಲ.” ಆ ಎರಡು ದಿನ ಪ್ರತಿ ನಾಲ್ಕು ಗಂಟೆಗೊಮ್ಮೆ ರಕ್ತ ತೆಗೆದರು. ಸೈರನಮ್ಮ ಹೊರಗಿನ ಬೆಂಚಿನಲ್ಲಿ ಕೂತು, ದಾದಿ ಬಂದಾಗಲೆಲ್ಲ ಎದ್ದು ನಿಂತು ಅಂಕಿ ಕೇಳುತ್ತಿದ್ದಳು. ನೂರಾ ಐವತ್ತೆಂಟು. ನೂರಾ ಐವತ್ತಾರು. ಅಂಕಿ ಇಳಿಯುವುದನ್ನು ಇಷ್ಟು ಆಸೆಯಿಂದ ಆಕೆ ಎಂದೂ ಕಾದಿರಲಿಲ್ಲ.

ಮಗಳು ಅಂದೇ ಸಂಜೆ, ರೈಲಿನ ಸಮವಸ್ತ್ರದಲ್ಲೇ ಬಂದಳು. ತಾಯಿ ಒಂದನ್ನೂ ಬಿಡದೆ ಹೇಳಿದಳು. ಮಗಳು ಗೋಡೆಗೆ ಒರಗಿ ಕೇಳಿದಳು.

“ನನ್ನನ್ನ ಇನ್ನೊಂದು ಸಲ ಕೇಳಬಹುದಿತ್ತಲ್ಲಮ್ಮ. ಅವರನ್ನೇ ಕೇಳಬಹುದಿತ್ತಲ್ಲ.”

“ಕೇಳಬಹುದಿತ್ತು.”

“ಕಳ್ಳನನ್ನ ಹಿಡಿಯೋ ಹಾಗೆ ಮಾಡಿದೆ.”

“ಹೌದು ಕಣೇ. ತಪ್ಪಾಯ್ತು.” ಆಕೆ ಸೇರಿಸಿದಳು: “ಆದ್ರೆ ಒಂದು ಮಾತು. ಅವನು ಕೂರೋದು ಹತ್ತಾರು ಜನರ ತಲೆ ಮೇಲೆ. ಅವರಿಗೂ ಗೊತ್ತಿರಬೇಕಿತ್ತು.”

ಮಗಳು ತಾಯಿಯ ಪಕ್ಕ ಕೂತಳು, ಆದರೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ಮಾರನೆಯ ದಿನ ವೈದ್ಯೆ ಮಗಳ ಹೊಟ್ಟೆ ನೋಡಿ ಮೊದಲ ಸಲ ನಕ್ಕಳು. “ಆ ಗ್ರಂಥಿಯ ಹಿಂಭಾಗದಿಂದ ಎರಡು ಹಾರ್ಮೋನು ಬರತ್ತೆ. ನಿಮ್ಮ ಯಜಮಾನ್ರಿಗೆ ಇಲ್ಲದೇ ಇರೋದು ಒಂದು. ಇನ್ನೊಂದು ಐದು ತಿಂಗಳಲ್ಲಿ ನಿಮಗೆ ಬೇಕಾಗತ್ತೆ. ಹೆರಿಗೆ ನೋವು ತರೋದು, ಮಗು ಬಾಯಿ ಹಾಕಿದ ಕೂಡಲೇ ಹಾಲು ಇಳಿಸೋದು, ಎಲ್ಲ ಅದೇ.” ಸೈರನಮ್ಮನಿಗೆ ಮೂವತ್ತು ವರ್ಷದ ಹಿಂದೆ, ಗಿರಣಿಯ ಪಾಳಿ ನಡುವೆ, ಈ ಮಗಳ ಅಳು ಬರೀ ನೆನಪಾದರೂ ಕುಪ್ಪಸ ಒದ್ದೆಯಾಗುತ್ತಿದ್ದದ್ದು ತಲೆಗೆ ಬಂತು. ಬಟಾಣಿ ಕಾಳಿನಷ್ಟು ಗ್ರಂಥಿ, ಅದರಲ್ಲೂ ಅರ್ಧ. ಅದಕ್ಕೆ ಎಷ್ಟೆಲ್ಲ ಕೆಲಸ!

ಮೂರನೆಯ ದಿನ ಬೆಳಿಗ್ಗೆ ಅಳಿಯ ಪೂರ್ತಿ ಎಚ್ಚರವಾಗಿದ್ದ. ಮಗಳು ಚಹಾ ತರಲು ಹೋಗಿದ್ದಳು. ಆಕೆ ಒಳಗೆ ಬಂದು ಮಂಚದ ಕಾಲ ಬಳಿ ನಿಂತಳು. ಅವನು ಆಕೆಯ ಕಡೆ ತಿರುಗಿದ.

“ಆವತ್ತು ಬೆಳಿಗ್ಗೆ ನಾನು ಕೇಳಿದಾಗ... ನಿಮ್ಮ ಹತ್ರಾನೇ ಇತ್ತಾ?”

“ಇತ್ತು. ಜೇಬಿನಲ್ಲಿ.”

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಬೈದಿದ್ದರೆ ಆಕೆ ಸುಧಾರಿಸಿಕೊಳ್ಳುತ್ತಿದ್ದಳು. ಆ ಬೆನ್ನಿಗೆ ಏನು ಹೇಳುವುದು? ತಮ್ಮನ ಕಥೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದಳು. ಈಗ ಹೇಳಿದರೆ ಅದು ನೆಪವಾಗುತ್ತದೆ.

ಕಂಪನಿ ಅವನನ್ನು ಕ್ರೇನಿನಿಂದ ಇಳಿಸಿತು, ಕೆಲಸದಿಂದ ತೆಗೆಯಲಿಲ್ಲ. ವಿಚಾರಣೆಯಲ್ಲಿ ನೀರು ಕೇಳಿದವನಿಗೆ ನೀರು ಕಳಿಸದ ಮೇಸ್ತ್ರಿಯ ಮಾತೂ ಬಂದದ್ದು ಅದಕ್ಕೆ ಒಂದು ಕಾರಣವಿರಬೇಕು. ಸರಪಳಿ, ಕೊಂಡಿ, ಉಕ್ಕಿನ ಹಗ್ಗ ಪರೀಕ್ಷಿಸುವ ಕೆಲಸ ಕೊಟ್ಟರು. ನೆಲದ ಮೇಲಿನ ಕೆಲಸ. ಸಂಜೆ ಮನೆಗೆ ಬಂದು ಕುತ್ತಿಗೆ ನೀವಿಕೊಳ್ಳುತ್ತಿದ್ದ. ಇಡೀ ದಿನ ಮೇಲೆ ನೋಡಿ ನೋಡಿ ನೋವು. ಆಕೆಯೊಡನೆ ಮಾತು ‘ಬಡಿಸಿ’, ‘ಸಾಕು’ ಇಷ್ಟಕ್ಕೇ ನಿಂತಿತ್ತು. ಆಕೆ ಎರಡು ಸಲ ಪೆಟ್ಟಿಗೆ ಕಟ್ಟಿದಳು, ಎರಡು ಸಲವೂ ಮಗಳು ಬಿಚ್ಚಿಸಿದಳು.

ಏಳನೆಯ ವಾರದಲ್ಲಿ ಒಂದು ದಿನ ಅವನು ಊಟದ ನಡುವೆ ತಲೆ ಎತ್ತದೆ ಹೇಳಿದ: “ನಾಳೆ ಆಸ್ಪತ್ರೆಯಲ್ಲಿ ತಪಾಸಣೆ ಇದೆ. ಮತ್ತೆ ಕ್ರೇನ್ ಹತ್ತಬಹುದಾ ಅಂತ ಡಾಕ್ಟ್ರು ಬರೆದು ಕೊಡಬೇಕು. ಜೊತೆಗೆ ಮನೆಯವರೊಬ್ಬರು ಬರ್ಬೇಕಂತೆ. ಇವಳಿಗೆ ರಜೆ ಇಲ್ಲ.”

“ನಾನು ಬರ್ಲಾ?” ಎಂದಳು ಆಕೆ.

“ಅದಕ್ಕೇ ಹೇಳಿದ್ದು.”

ವೈದ್ಯೆ ಅರ್ಧ ಗಂಟೆ ಪ್ರಶ್ನೆ ಕೇಳಿದಳು. ಔಷಧಿ ಎಷ್ಟು ಹೊತ್ತಿಗೆ, ಮರೆತರೆ ಏನು, ಹೆಚ್ಚಿನದೊಂದು ಎಲ್ಲಿಡುತ್ತೀರಿ. ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ ವೈದ್ಯೆ ಅತ್ತೆಯ ಕಡೆ ತಿರುಗಿ, “ನೀವೇನಾದ್ರೂ ಹೇಳೋದಿದೆಯಾ?” ಎಂದಳು. ಅಳಿಯ ಉಸಿರು ಬಿಗಿಹಿಡಿದದ್ದು ಆಕೆಗೆ ಗೊತ್ತಾಯಿತು.

“ಸಂಜೆ ಔಷಧಿಯ ಬಲ ಇಳಿದಾಗ ಇವನಿಗೆ ಸಿಡುಕು ಬರತ್ತೆ, ಕೈ ಸ್ವಲ್ಪ ಆತುರ ಆಗತ್ತೆ,” ಎಂದಳು. “ಆ ಹೊತ್ತಲ್ಲಿ ಮೇಲೆ ಕೂರಿಸಬಾರದು. ಬೆಳಗಿನ ಪಾಳಿ ಆದ್ರೆ ಇವನಷ್ಟು ಹುಷಾರಿನವನು ಇನ್ನೊಬ್ಬ ಇಲ್ಲ. ಅರ್ಧ ಪ್ರಜ್ಞೆಯಲ್ಲೂ ಒಂದೂವರೆ ಟನ್ನು ಇಳಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.”

ವೈದ್ಯೆ ಬರೆದಳು. ಬೆಳಗಿನ ಪಾಳಿ ಮಾತ್ರ, ಆರು ತಿಂಗಳ ನಂತರ, ಅದೂ ಮೇಲೆ ಇನ್ನೊಬ್ಬ ಜೊತೆಗಿದ್ದರೆ. ಕಂಪನಿ ಒಪ್ಪುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಬಸ್ಸಿಗೆ ಕಾಯುತ್ತ ಇಬ್ಬರೂ ನಿಂತರು. ಅಳಿಯ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿಗೆ ಸೇರಿಸಿದ.

“ಆ ಸಿಡುಕಿನ ಮಾತು ಹೇಳ್ದೆ ಇದ್ರೂ ಆಗ್ತಿತ್ತು,” ಎಂದ.

“ಆಗ್ತಿರಲಿಲ್ಲ,” ಎಂದಳು ಆಕೆ.

ಬಸ್ಸು ಬಂತು. ನೂಕುನುಗ್ಗಲು. ಅವನು ಮೊದಲು ಹತ್ತಿ, ಕಂಬಿ ಹಿಡಿದು, ಹಿಂದೆ ತಿರುಗಿ ಆಕೆಗೆ ಕೈ ಕೊಟ್ಟು ಮೇಲೆಳೆದುಕೊಂಡ.